ಕೋಟೆಗಳಿಗೂ ತಲೆ ಇರುತ್ತದಂತೆ

ಕಡಲಿಗೆ ಹೋದರೆ ದಡ ಕಾಣುವುದಿಲ್ಲ, ಹೊಳೆಗೆ ಹೋದರೆ ದಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ನಮ್ಮ ‘ಓರೆ ಒಂಬತ್ತು’ ಕ್ಲಬ್ಬು ಆ ನವೆಂಬರಿನಲ್ಲಿ ಎರಡು ಹೋಳಾಗುವುದರಲ್ಲಿತ್ತು.

ನಮ್ಮದು ಗೂಟದಾಟದ ಕ್ಲಬ್ಬು. ರೈನ್ ಹೊಳೆಯ ದಡದ ರೂರೋರ್ಟ್ ಬಂದರಿನ ಹಿಂದಿನ ಬೀದಿಯಲ್ಲಿರುವ ಬಿಯರ್ ಅಂಗಡಿಯ ನೆಲಮಾಳಿಗೆಯಲ್ಲಿ ಗುರುವಾರ ಸಂಜೆ ಸೇರುತ್ತೇವೆ. ಉದ್ದನೆಯ ಹಲಗೆಯ ಹಾದಿ, ಅದರ ಆ ತುದಿಯಲ್ಲಿ ಒಂಬತ್ತು ಗೂಟ, ಈ ತುದಿಯಲ್ಲಿ ನಾವು, ನಮ್ಮ ಬಿಯರು, ಸಾಸಿವೆ ಮೆತ್ತಿದ ಮಾಂಸದುಂಡೆ. ಗುಂಡು ಉರುಳಿಸಿ ಗೂಟ ಬೀಳಿಸಬೇಕು. ಗುಂಡು ಹಾದಿ ತಪ್ಪಿ ಪಕ್ಕದ ಚರಂಡಿಗೆ ಜಾರಿದರೆ ಅದಕ್ಕೆ ಪೂಡಲ್ ಎಂದು ಹೆಸರು; ಹಾಗಾದಾಗ ಕ್ಲಬ್ಬಿನವರೆಲ್ಲ ಎದ್ದು ನಿಂತು ನಾಯಿಯ ಹಾಗೆ ಬೊಗಳಬೇಕು. ನಾನು ಶಾಲೆಯಲ್ಲಿ ಪಾಠ ಹೇಳಿ ಗಂಟಲು ಹದಮಾಡಿಕೊಂಡವನು. ನಾನು ಬೊಗಳಿದರೆ ಮೇಲಿನ ಬೀದಿಯಿಂದ ಉತ್ತರ ಬರುತ್ತದೆ.

ವರ್ಷಕ್ಕೊಂದು ಸಲ ಎಲ್ಲರೂ ಒಟ್ಟಿಗೆ ಪ್ರವಾಸ ಹೋಗುತ್ತೇವೆ. ಎಲ್ಲಿಗೆ ಎನ್ನುವುದನ್ನು ಕ್ಲಬ್ಬಿನ ರಾಜ ಹೇಳುತ್ತಾನೆ, ಉಳಿದವರು ಗೊಣಗುತ್ತ ಹೋಗುತ್ತಾರೆ. ಮುಂದಿನ ಸಲ ಹಡಗಿನಲ್ಲಿ ಹೋಗುವುದೆಂದು ಎಲ್ಲರೂ ಒಪ್ಪಿದ್ದರು. ಮಾತು ಯಾವ ಹಡಗು ಎನ್ನುವಲ್ಲಿಗೆ ಬಂದು ನಿಂತಿತ್ತು. ಹ್ಯಾಂಬರ್ಗಿನಿಂದ ನಾರ್ವೆಗೆ ಹೋಗುವ ಬೆಟ್ಟದಂಥ ಕಡಲ ಹಡಗೋ, ಕಲೋನಿನಿಂದ ರೈನ್ ಹೊಳೆಯಲ್ಲಿ ಮೇಲಕ್ಕೆ ಹೋಗುವ ಉದ್ದನೆಯ ಚಪ್ಪಟೆ ಹಡಗೋ?

ನಮ್ಮ ರಾಜ ಎಗೊನ್. ಆಯುಷ್ಯವೆಲ್ಲ ರೈನಿನಲ್ಲಿ ಕಲ್ಲಿದ್ದಲು, ಜಲ್ಲಿ ಸಾಗಿಸುವ ಸರಕು ಹಡಗು ನಡೆಸಿ ನಿವೃತ್ತನಾದವನು. ಕೈ ದೋಣಿಯ ಹುಟ್ಟಿನಷ್ಟು ಅಗಲ. ಎಷ್ಟೋ ವರ್ಷಗಳಿಂದ ರಾಜನ ತಗಡಿನ ಸರ ಅವನ ಕೊರಳಲ್ಲೇ ತುಕ್ಕು ಹಿಡಿಯುತ್ತಿತ್ತು.

“ಆ ಹೊಳೆಯ ಒಂದೊಂದು ಕಲ್ಲಿಗೂ ನನ್ನ ಪರಿಚಯ ಇದೆ. ಮತ್ತೆ ಹೋಗಿ ಏನು ನಮಸ್ಕಾರ ಹೇಳಲಾ? ಕಡಲು! ಮಾತೇ ಇಲ್ಲ,” ಅಂದ ಎಗೊನ್.

“ಹಾಗನ್ನು ನನ್ನ ರಾಜ!” ಅಂತ ವಿಲ್ಟ್ರುಡ್ ಚಪ್ಪಾಳೆ ತಟ್ಟಿದಳು. ಅವಳು ಪೇಟೆಯಲ್ಲಿ ಕೇಶಾಲಂಕಾರದ ಅಂಗಡಿ ಇಟ್ಟಿದ್ದವಳು. ಕಪ್ತಾನನ ಜೊತೆ ಊಟದ ಸಂಜೆಗೆಂದು ಹಸಿರು ಗೌನು ಆಗಲೇ ಹೊಲಿಸಿಯಾಗಿತ್ತು. “ಅದರಲ್ಲಿ ನಾಟಕಶಾಲೆ ಇದೆ, ಈಜುಕೊಳ ಇದೆ, ಊಟದ ಮನೆಗಳು ಎಷ್ಟು ಅಂತೀರಿ! ಹೊಳೆ ಹಡಗಿನಲ್ಲಿ ಏನಿದೆ? ಬೇಸಿಗೆಯಲ್ಲಿ ನೀರು ಇಳೀತು ಅಂದ್ರೆ ಬಸ್ಸಿಗೆ ಹತ್ತಿಸಿ ಕಳಿಸ್ತಾರೆ. ಹಡಗಿನ ಪ್ರವಾಸ ಅಂತ ಹೇಳಿ ಬಸ್ಸಲ್ಲಿ ಹೋಗಿಬಂದೆ ಅಂದ್ರೆ ನಾದಿನಿ ನಗಲ್ವಾ?”

ನಾನು ಮೂಗು ಹಿಡಿದುಕೊಂಡು ಕಡಲ ಹಡಗಿನ ಧ್ವನಿವರ್ಧಕವಾದೆ: “ಗೌರವಾನ್ವಿತ ಪ್ರಯಾಣಿಕರೇ, ನಿಮ್ಮ ಎಡಕ್ಕೆ ನೀರು. ಬಲಕ್ಕೆ ನೀರು. ನಾಳೆಯ ವಿಶೇಷ ಆಕರ್ಷಣೆ, ನೀರು.”

“ಮೇಷ್ಟ್ರೇ, ಹೊಳೇದೂ ಮಾಡಿ, ಪಕ್ಷಪಾತ ಬೇಡ,” ಅಂದರು ಯಾರೋ.

“ಎಡಕ್ಕೆ ದ್ರಾಕ್ಷಿ ತೋಟ. ಬಲಕ್ಕೆ ದ್ರಾಕ್ಷಿ ತೋಟ. ಹೊಟ್ಟೆಯೊಳಗೆ ದ್ರಾಕ್ಷಿ ರಸ. ಎದ್ದು ನಿಲ್ಲಲಾಗದವರು ಕುಳಿತೇ ನೋಡಿ.”

ಎಲ್ಲರೂ ನಕ್ಕರು, ಗೆಜೀನ ಒಬ್ಬಳನ್ನು ಬಿಟ್ಟು. ಗೆಜೀನ ಎಗೊನನ ಹೆಂಡತಿ. ಅವಳು ಮೂಲೆಯಲ್ಲಿ ಕುಳಿತು ಹೊಳೆ ಪ್ರವಾಸದ ಬಣ್ಣದ ಹಾಳೆಯನ್ನು ನೋಡುತ್ತಿದ್ದಳು. ಹಾಳೆಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯ ಮೇಲೆ ಬಾವುಟ.

“ಪಾಪ, ಗೆಜೀನಗಂತೂ ಹೊಳೆ ಸಾಕಾಗಿಹೋಗಿರುತ್ತೆ. ಜೀವಮಾನವೆಲ್ಲ ಅದೇ ನೋಡಿದ್ದಾಳೆ,” ಅಂದಳು ವಿಲ್ಟ್ರುಡ್.

“ನಾನೇನು ನೋಡಿದ್ದೇನೆ?” ಅಂದಳು ಗೆಜೀನ.

ಅವಳು ಕ್ಲಬ್ಬಿನಲ್ಲಿ ಬಾಯಿ ಬಿಡುವುದೇ ಅಪರೂಪ. ಅವಳ ಬದಲು ಅವಳ ಪೂಡಲ್‌ಗಳು ಮಾತಾಡುತ್ತಿದ್ದವು. ಬಿಯರ್ ಲೋಟಗಳು ಅರ್ಧದಲ್ಲೇ ನಿಂತವು.

“ಹೇಳು, ನಾನೇನು ನೋಡಿದ್ದೇನೆ? ಹಡಗಿನ ಮೂತಿ ಮೇಲೆ ದೊಡ್ಡದಾಗಿ ನನ್ನ ಹೆಸರು ಬರೆಸಿದ ಇವನು. ‘ಗೆಜೀನ’! ಊರೆಲ್ಲ ನೋಡಲಿ ಅಂತ. ನನ್ನನ್ನ ಮಾತ್ರ ಹಿಂದಗಡೆ ಹೊಟ್ಟೆಯೊಳಗಿನ ಅಡುಗೆಮನೇಲಿ ಇಟ್ಟ. ಜಲ್ಲಿ ತುಂಬಿದ ಹಡಗು ಎಷ್ಟು ಮುಳುಗಿರುತ್ತೆ ಗೊತ್ತಲ್ಲ? ಕಿಟಕಿಯ ಅರ್ಧಕ್ಕೆ ನೀರು, ಇನ್ನರ್ಧಕ್ಕೆ ದಡದ ಕಲ್ಲು. ಕೋಟೆಗಳ ಪಾದ ನೋಡಿದ್ದೇನೆ ನಾನು. ತಲೆ ನೋಡಿಲ್ಲ.”

“ಮೇಲೆ ಬಂದು ನೋಡಬಾರದು ಅಂತ ಯಾರು ಕಟ್ಟಿಹಾಕಿದ್ರು?” ಅಂದ ಎಗೊನ್.

“ನಿನ್ನ ಪೈಲಟ್ಟು! ಕೋಟೆಗಳ ಕಣಿವೆ ಬಂತು ಅಂದ್ರೆ ದಾರಿ ತೋರಿಸೋಕೆ ಅವನು ಹತ್ತಬೇಕು. ಹತ್ತಿದವನು ತಿನ್ನಬೇಕು. ‘ಗೆಜೀನಾ, ಸೂಪು! ಗೆಜೀನಾ, ಇನ್ನೊಂದೆರಡು ಆಲೂಗಡ್ಡೆ!’ ಆ ಹೊಟ್ಟೆಬಾಕ ಇಳಿಯೋ ಹೊತ್ತಿಗೆ ಕಣಿವೇನೂ ಮುಗಿದಿರ್ತಿತ್ತು. ನಾನು ಪಾತ್ರೆ ತೊಳೆದು ಮೇಲೆ ಬಂದ್ರೆ ಕಾರ್ಖಾನೆ ಚಿಮಣಿ.”

ಎಗೊನ್ ಸರವನ್ನು ಬೆರಳಲ್ಲಿ ತಿರುವುತ್ತ, “ಮೊದಲೇ ಹೇಳಬಾರದಿತ್ತಾ?” ಅಂದ.

“ಹೇಳಿದೆ. ಇಂಜಿನ್ ಸದ್ದು ಜಾಸ್ತಿ ಇತ್ತು.”

“ಸರಿ ಬಿಡು. ಆದರೆ ರಾಜ ಆಡಿದ ಮಾತು ಆಡಿದ್ದೇ. ನಾರ್ವೆಯಲ್ಲೂ ಬೆಟ್ಟ ಇದೆಯಂತೆ, ಅದರ ತಲೆ ನೋಡು.”

ಅವನು ಕೆಟ್ಟವನಲ್ಲ, ಹಟಮಾರಿ. ತಾನು ಹಡಗು ನಡೆಸಿದ ಹೊಳೆಯಲ್ಲಿ ಬೇರೊಬ್ಬ ಚುಕ್ಕಾಣಿ ಹಿಡಿದಿರುವಾಗ ಕುರ್ಚಿಯಲ್ಲಿ ಕೂರುವುದು ಅವನಿಗೆ ಆಗದ ಕೆಲಸ ಎಂದು ನಮಗೆಲ್ಲ ಗೊತ್ತಿತ್ತು. ಕಡಲಿನಲ್ಲಾದರೆ ತಪ್ಪು ಹುಡುಕಲು ಅವನಿಗೆ ಏನೂ ಗೊತ್ತಿಲ್ಲ.

ಕ್ರಿಸ್‌ಮಸ್ಸಿಗೆ ನಾಲ್ಕು ವಾರ ಮುಂಚೆ, ಮೊದಲ ಮೇಣದಬತ್ತಿ ಹಚ್ಚುವ ವಾರ, ನಮ್ಮಲ್ಲಿ ಪಟ್ಟದ ಸಂಜೆ. ರಾಜ ತನ್ನ ಸರವನ್ನು ಮೇಜಿನ ನಡುವೆ ಇಡುತ್ತಾನೆ. ಸರಕ್ಕೆ ಕೈ ಹಾಕಿದವರು ರಾಜನ ಮೇಲೆ ಒಂದೇ ಒಂದು ಗುಂಡಿನ ಪಂದ್ಯ ಆಡಬೇಕು. ಗೆದ್ದವರಿಗೆ ಪಟ್ಟ, ಸೋತವರಿಗೆ ಮುಂದಿನ ವರ್ಷವಿಡೀ ಗೂಟ ಒರೆಸುವ ಕೆಲಸ. ಎಗೊನನ ಎದುರು ಕೈ ಹಾಕುವ ಹುಂಬತನ ಯಾರಿಗೂ ಇರಲಿಲ್ಲ. ಅವನು ಸರ ಇಟ್ಟ, ಲೆಕ್ಕಕ್ಕೆ ಎಂಬಂತೆ ಸುತ್ತ ನೋಡಿದ, ಮತ್ತೆ ಎತ್ತಿಕೊಳ್ಳಲು ಬಗ್ಗಿದ. ಸರದ ಮೇಲೆ ಆಗಲೇ ಒಂದು ಕೈ ಇತ್ತು. ಸಾಬೂನಿನ ನೀರಿನಲ್ಲಿ ಬೆಂದು ಕೆಂಪಗಾದ ಕೈ.

“ಏ ಗೆಜೀನ, ತಮಾಷೆ ಸಾಕು, ಕೈ ತೆಗಿ.”

“ಗುಂಡು ತಗೋ ಎಗೊನ್.”

“ಗೂಟ ಒರೆಸಬೇಕಾಗುತ್ತೆ, ನೆನಪಿರಲಿ.”

“ಒರೆಸೋದು ನನಗೇನು ಹೊಸದಾ?”

ವಿಲ್ಟ್ರುಡ್ ನನ್ನ ಕಿವಿಯಲ್ಲಿ, “ಮೇಷ್ಟ್ರೇ, ಗಂಟಲು ಸರಿಮಾಡ್ಕೊಳ್ಳಿ. ಇವತ್ತು ಮರಿ ಹಾಕುತ್ತೆ ಪೂಡಲ್ಲು,” ಅಂದಳು.

ಎಗೊನ್ ಗುಂಡು ತೆಗೆದುಕೊಂಡ, ಎರಡು ಹೆಜ್ಜೆ ಇಟ್ಟ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ನಯವಾಗಿ ಬಿಟ್ಟ. ಗುಂಡು ಹಲಗೆಯ ನಟ್ಟನಡುವೆ ಹೋಯಿತು. ಗುಡುಗು. ಒಂಬತ್ತಕ್ಕೆ ಒಂಬತ್ತೂ ಮಲಗಿದವು.

ನೆಲಮಾಳಿಗೆ ಕಿತ್ತುಹೋಗುವಷ್ಟು ಕೂಗು. ಒಂಬತ್ತನ್ನು ಮೀರಿಸುವುದು ನಮ್ಮ ಆಟದಲ್ಲಿ ಒಂದೇ ಒಂದಿದೆ, ಹಾರ: ನಡುವಿನ ರಾಜಗೂಟ ಒಂದೇ ನಿಂತು ಸುತ್ತಲಿನ ಎಂಟೂ ಬೀಳುವುದು. ಅದು ಯಾವಾಗಲೋ ಒಮ್ಮೆ, ಯಾರಿಗೋ, ತಪ್ಪಿ ಆಗುವಂಥದ್ದು. ಹಾಗಾಗಿ ಎಗೊನ್ ಕಾಯುವ ಗೋಜಿಗೇ ಹೋಗಲಿಲ್ಲ. ಸರ ಕೊರಳಿಗೆ ಹಾಕಿಕೊಂಡು, “ಎಲ್ಲರಿಗೂ ಒಂದೊಂದು ಬಿಯರು! ನಾರ್ವೆಗೆ ಜಯವಾಗಲಿ!” ಎಂದ.

“ನಾನಿನ್ನೂ ಎಸೆದಿಲ್ಲ,” ಅಂದಳು ಗೆಜೀನ.

ಅವಳು ಹಲಗೆಯ ತುದಿಗೆ ಹೋಗಿ ನಿಂತಳು. ನಾವು ಬೊಗಳಲು ಎದ್ದು ನಿಂತೆವು. ವಿಲ್ಟ್ರುಡಳ ಬಾಯಿ ಆಗಲೇ ‘ಬೌ’ ಆಕಾರಕ್ಕೆ ಬಂದಿತ್ತು. ಹಿಂದಿನಿಂದ ಎಗೊನ್ ವಾಡಿಕೆಯಂತೆ ಶುರುಮಾಡಿದ: “ಬಲಗಾಲು ಹಿಂದಕ್ಕೆ! ಮಣಿಕಟ್ಟು ನೆಟ್ಟಗೆ! ಎಷ್ಟು ಸಲ ಹೇಳಬೇಕು, ಬಗ್ಗು, ಬಗ್ಗು!”

ಗೆಜೀನ ತಿರುಗಿ ನೋಡಿದಳು.

“ಎಗೊನ್, ಚುಕ್ಕಾಣಿ ಈಗ ನಿನ್ನ ಕೈಲಿಲ್ಲ. ಬಾಯಿ ಮುಚ್ಚು.”

ಎಗೊನನ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಬಾರಿಗೆ ಕಂಡದ್ದು ಆಗಲೇ.

ಅವಳು ಅವನು ಕಲಿಸಿದ ಹಾಗೆ ಬಗ್ಗಲಿಲ್ಲ. ಓರೆಯಾಗಿ ನಿಂತಳು. ಎಡ ಭುಜ ಗೂಟಗಳ ಕಡೆಗೆ, ಕಾಲು ಅಗಲಿಸಿ, ಸೊಂಟ ಸಡಿಲಬಿಟ್ಟು. ನಮ್ಮ ಬಂದರಿನವರಿಗೆ ಆ ನಿಲುವು ಗೊತ್ತು. ಹಡಗು ದಡಕ್ಕೆ ಹತ್ತಿರವಾಗುವಾಗ ಹೆಂಗಸರು ಹಗ್ಗದ ಕುಣಿಕೆಯನ್ನು ದಡದ ಕಂಬಕ್ಕೆ ಎಸೆಯುವ ನಿಲುವು ಅದು. ಮಳೆಯಲ್ಲಿ, ಹಿಮದಲ್ಲಿ, ಬಗಲಲ್ಲಿ ಮಗು ಇಟ್ಟುಕೊಂಡು ಎಸೆದದ್ದು. ತಪ್ಪಿದರೆ ಹಡಗೇ ಹೊಡೆದುಕೊಳ್ಳುತ್ತದೆ; ಅಲ್ಲಿ ಯಾರೂ ಬೊಗಳುವುದಿಲ್ಲ.

ತೋಳು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಗುಂಡು ನೆಲಕ್ಕೆ ತಾಗಿದ ಸದ್ದೂ ಇಲ್ಲ. ಅದು ಎಡಕ್ಕೆ ಸರಿಯಿತು. ಚರಂಡಿಯ ಅಂಚಿಗೇ ಬಂತು. ವಿಲ್ಟ್ರುಡ್ “ಬೌ...” ಎಂದು ಅರ್ಧ ಬೊಗಳಿಯೂಬಿಟ್ಟಳು. ಅಂಚಿನಲ್ಲಿ ಗುಂಡು ಮನಸ್ಸು ಬದಲಿಸಿ ಒಳಕ್ಕೆ ಬಾಗಿತು, ಮೊದಲ ಗೂಟದ ಪಕ್ಕೆಗೆ ಬಡಿಯಿತು. ಅದು ಪಕ್ಕದ್ದರ ಮೇಲೆ, ಪಕ್ಕದ್ದು ಹಿಂದಿನದರ ಮೇಲೆ, ಜಗಳ ಬೀದಿಗೆ ಹಬ್ಬಿದ ಹಾಗೆ ಸುತ್ತಿಕೊಂಡು ಬಂತು. ಕೊನೆಯದು ನಿಂತಲ್ಲೇ ತೂಗಾಡಿ ತೂಗಾಡಿ ಒರಗಿತು.

ನಡುವಿನ ರಾಜ ಮಾತ್ರ ನಿಂತಿದ್ದ, ಸುತ್ತ ಯಾರೂ ಇಲ್ಲದೆ.

“ಹಾರ!” ಎಂದೆ. ಯಾರ ದನಿಯನ್ನೂ ಅಣಕಿಸದ ನನ್ನದೇ ದನಿ, ಕೀರಲಾಗಿ ಹೊರಟಿತು. ಆಮೇಲೆ ಎದ್ದ ಗಲಾಟೆಯಲ್ಲಿ ಸಾಸಿವೆಯ ಬಟ್ಟಲು ಯಾರ ಮಡಿಲಿಗೆ ಹೋಯಿತೋ ತಿಳಿಯಲಿಲ್ಲ. ವಿಲ್ಟ್ರುಡ್, ಹಸಿರು ಗೌನನ್ನೂ ನಾರ್ವೆಯನ್ನೂ ಮರೆತು, ಗೆಜೀನಳನ್ನು ಎತ್ತಿಕೊಳ್ಳಲು ನೋಡಿದಳು; ಆಗದೆ ಇಬ್ಬರೂ ಬೆಂಚಿನ ಮೇಲೆ ಕುಸಿದರು.

ಎಗೊನ್ ಸರ ಬಿಚ್ಚಿದ. ಅವಳ ಕೊರಳಿಗೆ ಹಾಕುವಾಗ ಕೊಂಡಿ ಸಿಗದೆ ತಡಕಾಡಿದ.

“ಹೇಳು ರಾಣಿ,” ಅಂದ. “ಹೊಳೆಯೋ, ಕಡಲೋ?”

“ಕೇಳಬೇಕಾ?”

“ಕ್ಲಬ್ಬಿನ ನಿಯಮ. ರಾಣಿ ಬಾಯಿಬಿಟ್ಟು ಹೇಳಬೇಕು.”

“ಹೊಳೆ!” ಎಂದು ಗೆಜೀನ ಎಷ್ಟು ಗಟ್ಟಿಯಾಗಿ ಕೂಗಿದಳೆಂದರೆ, ಯಾವ ಇಂಜಿನ್ನಿನ ಸದ್ದೂ ಅದನ್ನು ಮುಚ್ಚುತ್ತಿರಲಿಲ್ಲ.

ಮೇ ತಿಂಗಳಲ್ಲಿ ಹೊರಟೆವು. ಹೊಳೆಯಲ್ಲಿ ನೀರು ಬೇಕಾದಷ್ಟಿತ್ತು. ಎಗೊನ್ ಮೊದಲ ದಿನ ಕಪ್ತಾನನ ಪ್ರತಿ ತಿರುವಿಗೂ ನಾಲಿಗೆ ಲೊಚಗುಟ್ಟಿದ. ಎರಡನೆಯ ದಿನ ಕಪ್ತಾನನೇ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ, ಆ ಕಪ್ತಾನನಂಥವನು ರೈನಿನಲ್ಲೇ ಇಲ್ಲ ಎಂದ. ಗೆಜೀನ ಹಡಗಿನ ಮೇಲಟ್ಟದ ಮುಂಗಡೆಯ ಕುರ್ಚಿ ಹಿಡಿದಿದ್ದಳು, ಬೆಳಗಿನ ಕಾಫಿಗೂ ಮುಂಚೆ ಅದರ ಮೇಲೆ ಟವೆಲ್ ಹಾಸಿ.

ಕಣಿವೆ ಶುರುವಾಯಿತು. ಎರಡೂ ದಡ ಎದ್ದು ನಿಂತವು. ದ್ರಾಕ್ಷಿಯ ಸಾಲುಗಳ ಮೇಲೆ ಮೊದಲ ಗೋಪುರ ಇಣುಕಿತು. ಸರಿಯಾಗಿ ಆಗಲೇ ಕೆಳಗೆ ಊಟದ ಗಂಟೆ ಬಾರಿಸಿದರು. ಬಫೆ ಎಂದರೆ ನಮ್ಮ ಜನ ಬೆಂಕಿ ಬಿದ್ದ ಮನೆ ಖಾಲಿ ಮಾಡುವ ಹಾಗೆ ಓಡುತ್ತಾರೆ. ಗಳಿಗೆಯಲ್ಲಿ ಮೇಲಟ್ಟ ಬರಿದಾಯಿತು. ಉಳಿದವಳು ಗೆಜೀನ. ಅವಳ ಎದುರಿನ ಕಂಬಿಗೆ ಒರಗಿ ನಾನು, ಓಡಲು ಒಂದು ಕಾಲೆತ್ತಿ.

ಮೆಟ್ಟಿಲ ಬುಡದಿಂದ ಎಗೊನನ ತಲೆ ಮೇಲೆ ಬಂತು. “ಗೆಜೀನಾ! ಸೂಪು! ತಣ್ಣಗಾಗುತ್ತೆ!”

“ಆಗಲಿ.”

“ಆಲೂಗಡ್ಡೆ ಖಾಲಿಯಾಗುತ್ತೆ ಕಣೇ!”

“ಖಾಲಿಯಾಗಲಿ ಎಗೊನ್. ಎಲ್ಲ ಖಾಲಿಯಾಗಲಿ!” ಅವಳ ಕೈಗಳು ಮಡಿಲಲ್ಲಿ, ಒಂದರ ಮೇಲೊಂದು, ಏನೂ ಮಾಡದೆ ಕುಳಿತಿದ್ದವು. ಬಂಡೆಯ ಮೇಲಿನ ಕೋಟೆ ನೆತ್ತಿಯಿಂದ ಪಾದದವರೆಗೆ ಬಿಸಿಲಲ್ಲಿ ನಿಂತಿತ್ತು, ಅವಳಿಗಾಗಿಯೇ ಸ್ನಾನ ಮಾಡಿ ಬಂದ ಹಾಗೆ.

“ಮೇಷ್ಟ್ರೇ,” ಅಂದಳು, ಕಣ್ಣು ಕೀಳದೆ. “ಸ್ವಲ್ಪ ಆ ಕಡೆ ಸರೀರಿ. ಇಷ್ಟು ವರ್ಷ ಕಾದು ಕೂತದ್ದು ನಿಮ್ಮ ತಲೆ ನೋಡೋಕಲ್ಲ.”