ಬೆಂಕಿ ಕಟ್ಟಿದ ನಂಟು

ಮಳೆ ಕೈಕೊಡದ ಅಪರೂಪದ ವರ್ಷವದು! ಸೆರ್ತಾಂವ್ ಎಂಬ ಬರಡು ಬಯಲುಸೀಮೆಯ ಮುಳ್ಳುಗಂಟಿಗಳೂ ಹಸಿರುಟ್ಟು ನಿಂತಿದ್ದವು. ಜೂನ್ ತಿಂಗಳ ಅಸ್ತಮಾನದ ಕುಂಕುಮಕಾಂತಿ ಮುಸುಕಿನ ಜೋಳದ ಹೊಲಗಳ ಮೇಲಿಂದ ಜಾರಿ, ಸಂತ ಜೋವಾನನ ಹಬ್ಬಕ್ಕೆಂದು ಮನೆಮನೆಯ ಮುಂದೆ ಒಟ್ಟಿದ ಸೌದೆಯನ್ನು ಹೊತ್ತಿಗೆ ಮುಂಚೆಯೇ ಹೊತ್ತಿಸಿದಂತೆ ಕಾಣುತ್ತಿತ್ತು... ಆ ಬೆಳಕಿನಲ್ಲಿ ಬಸ್ಸಿಳಿದ ಡೊರ್ಜಿವಾಲ್, ಅಕಾರ್ಡಿಯನ್ ಹೆಗಲಿಗೇರಿಸಿ ಲುಜಿನೆತಿಯ ಮನೆಯತ್ತ ನಡೆದ. ತನ್ನೊಡನೆ ಬಂದುಬಿಡೆಂದು ಕೇಳಲು ಬಂದಿದ್ದ.

ಸಾವ್ ಪಾವ್ಲೊ ನಗರದಲ್ಲಿ ಹಗಲೆಲ್ಲ ಗಾರೆ ಹೊತ್ತು, ಭಾನುವಾರ ಕೂಲಿಗಳ ಕುಣಿತಕ್ಕೆ ನುಡಿಸಿ ಹೆಸರಾದವನು ಅವನು. ಕಬ್ಬು ಕಡಿಯುವವರು, ಪರರ ಕೂಸನ್ನು ತೂಗುತ್ತ ತನ್ನ ಕೂಸನ್ನು ನೆನೆಯುವ ಮನೆಗೆಲಸದವಳು, ಬಸ್ಸಿನಲ್ಲಿ ನಿಂತೇ ನಿದ್ರಿಸುವ ಗಾರೆಯವ—ಎಲ್ಲರೂ ಅವನ ಹಾಡಿನಲ್ಲಿದ್ದರು. ಊರಿನ ಹಿಟ್ಟು ಮಾಡುವ ಕೊಟ್ಟಿಗೆಯಲ್ಲಿ ಮರಗೆಣಸು ಹೆರೆಯುವ ಲುಜಿನೆತಿ ಮಾತ್ರ ಇರಲಿಲ್ಲ.

ಕಾರಣ ಒಂದು ಹುಡುಗಾಟ. ಹರೆಯದಲ್ಲಿ, ಊರು ಬಿಟ್ಟು ಹೊರಟವನು ತನ್ನನ್ನು ಮರೆತಾನೆಂಬ ಭಯಕ್ಕೆ, ಅವಳು ಅವನ ಕೈಹಿಡಿದು ಹಬ್ಬದ ಬೆಂಕಿ ದಾಟಿ, ಸಂತನ ಮೇಲೆ ಆಣೆಯಿಟ್ಟು ಅವನನ್ನು ಕೊಂಪಾದ್ರೆ, ಅಂದರೆ ಆಣೆಯ ಬಂಧು, ಮಾಡಿಕೊಂಡಿದ್ದಳು. ಸಾಯುವತನಕ ಬಿಡದ ನಂಟು! ಆದರೆ ಆ ನಂಟಿನವರು ಒಡಹುಟ್ಟಿದವರಿಗೆ ಸಮ, ಮದುವೆಯಾಗುವಂತಿಲ್ಲ. ಹುಡುಗಾಟದ ಭರದಲ್ಲಿ ಹೊಳೆಯದ್ದನ್ನು ಮರುದಿನ ಅವಳ ಅಜ್ಜಿ ನೆನಪಿಸಿದಳು. ಅಯ್ಯೋ, ಆಡಿದ ಮಾತು ಒಡೆದ ಮುತ್ತು... ಲೋಕವೆಲ್ಲ ಅಗ್ನಿಸಾಕ್ಷಿಯಾಗಿ ಕೂಡುತ್ತದೆ, ಇವರು ಅಗ್ನಿಸಾಕ್ಷಿಯಾಗಿ ಅಗಲಿದರು. ಅವಳೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ.

ನರೆತ ಕೂದಲಿನ ಲುಜಿನೆತಿ ಆಗತಾನೇ ಬೆಂಕಿ ಹೊತ್ತಿಸಿ ತೆನೆ ಸುಡುತ್ತಿದ್ದಳು. ನಗರದಲ್ಲಿ ನಮ್ಮ ಆಣೆಯನ್ನು ಯಾರೂ ಕೇಳುವುದಿಲ್ಲವೆಂದು ಅವನು ತಡವರಿಸಿ ಹೇಳಿದ. ಅವಳು ತೆನೆ ತಿರುವಿದಳು.

“ಸಂತನ ಮುಂದೆ ಆಡಿದ ಮಾತು ನಾನು ಮುರಿಯೋಲ್ಲ, ಕೊಂಪಾದ್ರೆ. ಆದ್ರೆ ಊರೋರ ಬೆವರೆಲ್ಲ ಹಾಡಿದ್ದೀಯಲ್ಲ, ಗೆಣಸು ಹೆರೆಯೋಳೊಬ್ಬಳು ಮರ್ತೇಹೋದ್ಲಾ?”

“ನಿನ್ ಹೆಸರು ಬಂದ್ರೆ ದನಿ ಒಡೆಯುತ್ತೆ. ಜನಕ್ಕೆ ಗೊತ್ತಾಗ್ಬಿಡುತ್ತೆ.”

“ಗೊತ್ತಾಗ್ಲಿ ಬಿಡು. ಒಂದ್ಸಲ ಹಾಡು.”

ಅವನು ಅಕಾರ್ಡಿಯನ್ನಿನ ತಿದಿ ಬಿಚ್ಚಿದ. ಹೆಸರು ಬಂದಲ್ಲಿ ದನಿ ಒಡೆಯಿತು. ಅಕ್ಕಪಕ್ಕದ ಬೆಂಕಿಗಳ ಸುತ್ತ ಕುಳಿತವರೆಲ್ಲ ಇತ್ತ ತಿರುಗಿದರು. ಲುಜಿನೆತಿ ಕಣ್ಣೊರೆಸಿಕೊಳ್ಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಬೆಂಕಿಯ ಆಚೆ ಅವಳು, ಈಚೆ ಅವನು...

ಓದುಗರೇ, ಮನುಷ್ಯನ ಹಂಬಲ ಕೂಡಿ ಬಾಳುವುದನ್ನೇ ಬೇಡುತ್ತದೆ, ನಿಜ. ಅದು ದಕ್ಕದಿದ್ದಾಗ ಹತ್ತು ಜನರೆದುರು ಒಮ್ಮೆ ತನ್ನ ಹೆಸರು ಕೇಳಿಸಿಕೊಂಡು, ಅಷ್ಟು ಕಾವಿನಲ್ಲೇ ಉಳಿದ ಆಯುಸ್ಸನ್ನೆಲ್ಲ ಕಳೆಯಬಲ್ಲದು.