ಕಿವಿ ಮೇಸ್ತ್ರಿಯ ಕಿವಿ

ಕಿವಿಗೆ ಹತ್ತಿ ತುರುಕಿಕೊಂಡು ಗಿಟಾರ್ ಬಾರಿಸೋ ಮನುಷ್ಯನ್ನ ಇವತ್ತೇ ಕಣ್ರೀ ನಾನು ನೋಡಿದ್ದು, ಎನ್ನುತ್ತ ಹೆಂಡತಿ ಒಣಗಿದ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಒಳಕೋಣೆಗೆ ಹೋದಳು, ಹೋಗುವಾಗ ಒಂದು ಕಾಲುಚೀಲ ಜಾರಿ ಆಂಪ್ಲಿಫೈಯರಿನ ಮೇಲೆ ಬಿತ್ತು, ಅದರ ಕೆಂಪು ದೀಪ ಕಾಲುಚೀಲದೊಳಗಿಂದಲೇ ಮಿಣಿಮಿಣಿ ಅಂತಿದೆ — ಹೌದಲ್ಲ, ಹತ್ತಿ, ಇನ್ನು ಬೇಡ ಅಂತ ಡಾಕ್ಟರಮ್ಮ ಹೇಳಿಯಾಗಿದೆ, ಕೀವು ಒಣಗಿದೆ, ಸದ್ದಿನಲ್ಲಿ ಹೆಚ್ಚುಕಮ್ಮಿ ಅನ್ನಿಸಿದರೆ ಮಾತ್ರ ಬನ್ನಿ, ಎಷ್ಟು ಹೆಚ್ಚು ಎಷ್ಟು ಕಮ್ಮಿ ಅಂತ ಕೇಳೋ ಧೈರ್ಯ ಅವನಿಗೆ ಬಂದಿರಲಿಲ್ಲ, ಈಗ ಎರಡು ಬೆರಳಲ್ಲಿ ಎಳೆದು ತೆಗೆದರೆ, ಅಬ್ಬ, ಮನೆಯೇ ಒಳಗೆ ನುಗ್ಗಿಬಂತು, ತೊಟ್ಟಿಕ್ಕುವ ನಲ್ಲಿ, ಮೇಲಿನ ಮನೆಯವರು ಕುರ್ಚಿ ಎಳೆದದ್ದು, ಅವಳು ದಿಂಬಿನ ಚೀಲ ಪಟಪಟ ಕೊಡವುತ್ತಿರುವುದು, ಎಲ್ಲವೂ ಊರಿಗೆ ಹೋಗಿದ್ದ ನೆಂಟರ ಹಾಗೆ ಒಟ್ಟಿಗೇ ಬಾಗಿಲು ತಟ್ಟುತ್ತಿವೆ, ಆದರೆ ನೆಂಟರು ಬಂದರೆ ಆಯಿತೆ, ಮುಖ ಗುರುತು ಹತ್ತಬೇಡವೆ, ನಿನ್ನೆ ಶೆಡ್ಡಿಗೆ ಕಿರುಚಿಕೊಂಡು ಬಂದ ಹಳದಿ ವ್ಯಾನಿನ ಮುಂದೆ ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ವಾಲಿಸಿ ಸಾಕಾಯಿತು, ಕಿರುಚೋದು ಯಾವ ಮಗ್ಗುಲಿಂದ ಅಂತಲೇ ತಿಳಿಯಲಿಲ್ಲ, ನಾಡಿದ್ದು ತನ್ನಿ ಅಂದುಬಿಟ್ಟ, ಏನ್ ಮೇಸ್ತ್ರಿ, ಕಿವಿಗೆ ಇವತ್ತು ರಜಾನಾ ಅಂತ ಡ್ರೈವರು ನಕ್ಕ, ಇವನೂ ನಕ್ಕ, ನಕ್ಕಿದ್ದು ಹಲ್ಲು ಮಾತ್ರ, ಬಾನೆಟ್ ಎತ್ತದೆ ಇಂಜಿನ್ನಿನ ಕಾಯಿಲೆ ಹೇಳ್ತಾನೆ ಅಂತಲ್ಲವೆ ಕಿವಿ ಮೇಸ್ತ್ರಿ ಅನ್ನೋ ಹೆಸರು ಬಂದದ್ದು, ಆ ಹೆಸರಿನ ಜಂಬಕ್ಕೇ ಕೈ ಹಾಕಿ ನೋಡಲಿಲ್ಲ, ಕೆಲಸ ಕಲಿಸಿದ ಸೋದರಮಾವ ಬದುಕಿದ್ದರೆ ತಲೆಗೊಂದು ಮೊಟಕುತ್ತಿದ್ದ, ಲೋ ಅಳಿಯಾ, ಗಾಡಿ ಗೋಳಾಡಿದರೆ ಮೊದಲು ಬೆಲ್ಟು ಒತ್ತಿ ನೋಡು, ದೇವರನ್ನ ಆಮೇಲೆ ಕರಿ — ಗ್ರೀಸು ಹಿಡಿದ ಮಾವನ ಹೆಬ್ಬೆರಳು, ಅದರಡಿ ಹಳೇ ಬೆಲ್ಟು ಮುದುಕನ ಕೆನ್ನೆಯ ಹಾಗೆ ಒಳಕ್ಕೆ ಹೋಗೋದು.

ಇರಲಿ, ಟೇಪ್ ರೆಕಾರ್ಡರಿನ ಮೇಲಿನ ಬಟ್ಟೆ ತೆಗೆ, ಕಿವಿ ಸೋರುತ್ತಿದ್ದಷ್ಟು ಕಾಲ ಅದೂ ಬಾಣಂತಿಯ ಹಾಗೆ ಮುಸುಕು ಹಾಕಿಕೊಂಡು ಕೂತಿತ್ತು, ಕ್ಯಾಸೆಟ್ಟು ಅದೇ, ಮದುವೆಗೆ ಮುಂಚಿನದು, ಹಾಡುವವನು ಒಂದು ಸಾಲು ಹಾಡಿ ನಿಲ್ಲುತ್ತಾನೆ, ಆ ನಿಲ್ಲುವ ಜಾಗ ಇವನದು, ಅಲ್ಲಿ ಇವನ ಗಿಟಾರು ಉತ್ತರ ಕೊಡಬೇಕು, ಇಷ್ಟು ವರ್ಷ ಕೊಟ್ಟಿದೆ, ಗಂಡಹೆಂಡಿರು ಕತ್ತಲಲ್ಲೂ ಲೋಟ ಕೈಗಿಡುವ ಹಾಗೆ — ಒತ್ತಿದ, ಚಕ್ರ ತಿರುಗಿತು, ಸಾಲು ಬಂತು, ಬಾರಿಸಿದ, ಛೆ. ಹುಳಿ ಹುಳಿ. ತಂತಿ ಮೇಲೆ, ಹಾಡು ಕೆಳಗೆ, ಇಬ್ಬರೂ ಬೇರೆಬೇರೆ ಮೆಟ್ಟಿಲ ಮೇಲೆ ನಿಂತು ಕೈಕುಲುಕಿದ ಹಾಗೆ, ಶ್ರುತಿ ನೋಡುವ ಪುಟ್ಟ ಯಂತ್ರ ಹಚ್ಚಿದರೆ ಆರೂ ತಂತಿಗೆ ಹಸಿರು ದೀಪ, ಅಂದರೆ ಗಿಟಾರು ಸರಿ, ಹಾಡು ಸರಿಯಿಲ್ಲದಿರೋಕೆ ಸಾಧ್ಯವೆ, ಅದು ಹಾಡಿ ಮುಗಿದ ಹಾಡು, ಉಳಿದದ್ದು ಕಿವಿ, ತಿರುಗಿ ಕೂತ, ಕಾಯಿಲೆಯ ಕಿವಿಯನ್ನು ಅಂಗೈಯಿಂದ ಮುಚ್ಚಿ ಕೇಳಿದ, ಅದೇ ಹುಳಿ, ಸರಿಹೋಯಿತು, ಕೆಟ್ಟ ಕಿವಿಯ ಸಹವಾಸದಿಂದ ಒಳ್ಳೆಯದೂ ಕೆಟ್ಟಿತು, ನಾಳೆ ಹಳದಿ ವ್ಯಾನು ಬಂದಾಗ ಏನನ್ನಲಿ, ಶೆಡ್ಡಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಯುತ್ತ ಕೂರಲೆ, ಗಿಟಾರನ್ನು ಅಟ್ಟಕ್ಕೆ ಹಾಕಲೆ, ಆ ತಂತಿಯ ಮೇಲಿನ ಬೆರಳು ಎತ್ತಲೂ ಮನಸ್ಸಿಲ್ಲ, ಎತ್ತಿದರೆ ಇದೇ ಕೊನೆ ಎಂಬಂತೆ —

ಅಲ್ಲಾ, ಯಾರ್ರೀ ಇದು, ಆ ಕ್ಯಾಸೆಟ್ಟಿನ ಹುಡುಗನ ಅಪ್ಪನ್ನ ಕರೆಸಿದೀರಾ ಹಾಡೋಕೆ, ಹೆಂಡತಿ ಬಾಗಿಲಲ್ಲಿ, ಕೈಯಲ್ಲಿ ಜೋಡಿಯಿಲ್ಲದ ಕಾಲುಚೀಲ, ಏನಂದೆ, ಏನಂದೆ ಇನ್ನೊಂದ್ಸಲ ಹೇಳು, ಅಯ್ಯೋ ನನಗೇನ್ ಗೊತ್ತು ನಿಮ್ಮ ಸಂಗೀತ, ಈ ಹಾಡು ಮುಗಿಯೋಷ್ಟರಲ್ಲಿ ಶರ್ಟುಗಳು ಮಡಚಿ ಆಗ್ತಿತ್ತು, ಇವತ್ತು ಸೀರೆಗಳೂ ಆದ್ವು, ಇವನಿನ್ನೂ ಗೊರಗೊರ ಅಂತ ಎಳೀತಾನೇ ಇದಾನೆ, ನೆಗಡಿನಾ ಅವನಿಗೆ — ನಿನಗೂ ಹಾಗೆ ಕೇಳುತ್ತಾ, ನನಗೇನು ಕಿವುಡಾ, ಎದ್ದು ಅವಳ ಎರಡೂ ಕಿವಿಗೆ ಮುತ್ತು ಕೊಡಬೇಕು ಅನ್ನಿಸಿತು, ಗಿಟಾರು ಮಡಿಲಲ್ಲಿ ಅಡ್ಡ, ನಗು ಗಂಟಲವರೆಗೆ ಬಂದು ಕೆಮ್ಮಾಯಿತು, ಸರಾಗವಾಗಿ ಒಂದು ಉಸಿರು, ಎಷ್ಟು ದಿನದ್ದೋ, ಹೊಟ್ಟೆಯ ತಳದಿಂದ, ಹಾಗಾದರೆ ಹೆಚ್ಚುಕಮ್ಮಿ ಟೇಪಿನಲ್ಲಿ, ಕಿವಿಯಲ್ಲಲ್ಲ, ಚಕ್ರವೇ ನಿಧಾನಕ್ಕೆ ತಿರುಗ್ತಿದೆ, ಬಿರಡೆ ತಿರುಗಿಸಿ ಒಂದೊಂದೇ ತಂತಿ ಸಡಿಲಿಸಿದ, ಇನ್ನೂ ಸ್ವಲ್ಪ, ಇನ್ನೂ ಚೂರು, ಹಸಿರು ದೀಪ ಕೆಂಪಾಯಿತು, ಆಗಲಿ ಬಿಡು, ಹಾಡುವವನು ಮುದುಕನಾದರೆ ತಾನೂ ಮುದುಕನೇ, ಸಾಲು ಬಂತು, ನಿಂತಿತು, ಬಾರಿಸಿದ, ಕೂತುಕೊಂಡಿತು, ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ, ಆಂಪ್ಲಿಫೈಯರಿನ ಮೇಲಿನ ಕಾಲುಚೀಲ ನಡುಗಿತು, ಅವಳು ಅದನ್ನೆತ್ತಿ ಕೈಲಿದ್ದುದರ ಜೊತೆ ಗಂಟು ಹಾಕಿದಳು, ಈಗ ಇಬ್ಬರೂ ತಾತಂದಿರು ಸರಿಯಾದ್ರಿ ನೋಡಿ ಅಂದಳು, ಹೋದಳು, ಹೋದ ಹೆಜ್ಜೆ ಒಂದೊಂದೂ ಕೇಳಿತು, ಬಲಕ್ಕೆ, ಆಮೇಲೆ ಎಡಕ್ಕೆ, ಹಾಡು ಮುಗಿಯಿತು, ವೈರು ಕಿತ್ತು ಟೇಪ್ ರೆಕಾರ್ಡರನ್ನು ಬೋರಲು ಹಾಕಿ ತಿರುಪು ಬಿಚ್ಚಿದ, ಬೆನ್ನಿನ ಹಲಗೆ ತೆಗೆದ, ಧೂಳು, ಎರಡು ಪುಟ್ಟ ಗಾಲಿ, ಅವುಗಳ ಸುತ್ತ ತೆಳ್ಳನೆಯ ಕರಿ ರಬ್ಬರು ಬೆಲ್ಟು, ಲೋ ಅಳಿಯಾ, ಹೆಬ್ಬೆರಳು ಇಟ್ಟ, ಮೆತ್ತಗೆ ಒತ್ತಿದ, ಒಳಕ್ಕೆ ಹೋಯಿತು, ಮುದುಕನ ಕೆನ್ನೆ.