ಕರಿಯವ್ವನ ಸೊಸಿ

ಟ್ರಸ್ಟಿನ ಕಡೆಯಿಂದ ಮನೆ ನೋಡಲು ಬಂದವನಿಗೆ ಕರಿಯವ್ವ ಹೇಳಿದ್ದು ಒಂದೇ ಮಾತು. "ಈ ಹುಡುಗಿ ನಿಮಗೆ ಏನಾಗಬೇಕಮ್ಮ?" ಎಂದು ಅವನು ಕೇಳಿದ. "ನಮ್ಮ ಸೊಸಿ ರೀ" ಎಂದು ಇವಳು ಅಂದಳು. ಅಷ್ಟಕ್ಕೇ ಆ ಹುಡುಗಿ ರೂಪಾಳ ಓದಿನ ಧನಸಹಾಯ ನಿಂತುಹೋಯಿತು.

ಕರಿಯವ್ವ ಸುಳ್ಳೇನೂ ಹೇಳಿರಲಿಲ್ಲ. ಗಂಡ ವಿರುಪಣ್ಣನ ತಂಗಿಯ ಮಗಳು ಸೊಸಿಯಲ್ಲದೆ ಇನ್ನೇನು? ಕೊಪ್ಪಳ ಸೀಮೆಯಲ್ಲಿ ತಂಗಿಯ ಮಗಳೂ ಸೊಸಿ, ಮಗನ ಹೆಂಡತಿಯೂ ಸೊಸಿ. ಅವ್ವನ ಅಣ್ಣನೂ ಮಾವ, ಗಂಡನ ಅಪ್ಪನೂ ಮಾವ. ಹೆಣ್ಣು ಹುಟ್ಟಿದ ದಿನವೇ ಅರ್ಧ ಮದುವೆ ಮುಗಿಸಿಬಿಡುವ ಭಾಷೆ ನಮ್ಮದು. ಬಂದಿದ್ದ ಗೌರೀಶನೋ ಮೈಸೂರು ಕಡೆಯವನು. ಒಳಗೆ ಮೊಬೈಲ್ ಒತ್ತುತ್ತ ಕೂತಿದ್ದ ಕರಿಯವ್ವನ ಮಗ ನಾಗೇಶನನ್ನು ನೋಡಿದ, ತನಗೆ ತಾನೇ ಲೆಕ್ಕ ಹಾಕಿಕೊಂಡ, ಟ್ಯಾಬಿನಲ್ಲಿ 'ವಿವಾಹಿತೆ' ಎಂದು ಒತ್ತಿ, ಚಹಾ ಕುಡಿದು ಹೋದ. ಆ ಚಹಾಕ್ಕೆ ಸಕ್ಕರೆ ಹಾಕಿದ್ದೂ ದಂಡ.

ಅವನ ಟ್ರಸ್ಟಿನವರು ಬಿ.ಇಡಿ ಓದುವ ಬಡ ಮನೆಯ ಹೆಣ್ಣುಮಕ್ಕಳಿಗೆ ಫೀಸು ಕೊಡುತ್ತಾರೆ. ಮದುವೆಯಾಗಿರಬಾರದು ಎಂಬುದು ಅವರ ನಿಯಮ. ರೂಪಾ ತಳಕಲ್ ಊರಿನವಳು. ಅಪ್ಪ ತೀರಿಹೋಗಿದ್ದ, ಅವ್ವ ರೇಣುಕಮ್ಮ ಕೂಲಿಗೆ ಹೋಗುತ್ತಿದ್ದಳು. ಕೊಪ್ಪಳದ ಕಾಲೇಜಿಗೆ ಹತ್ತಿರವೆಂದು ರೂಪಾ ಗಿಣಿಗೇರಾದ ಮಾವನ ಮನೆಯಲ್ಲಿ ಉಳಿದಿದ್ದಳು. ವಿರುಪಣ್ಣನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕಾಯಂ ನೌಕರಿ. ಹೊರಗೆ ಹಾಕಿದ ಬಟ್ಟೆ ಒಣಗುವುದರೊಳಗೆ ಕಪ್ಪಾಗುವ ಊರು ಅದು. ರೂಪಾ ಪಾಠ ಮಾಡಲು ಉಟ್ಟುಕೊಂಡು ಹೋಗುವ ಸೀರೆಯನ್ನು ಕರಿಯವ್ವ ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಸ್ವಂತ ಮಗನ ಅಂಗಿಗೆ ಆ ಭಾಗ್ಯವಿರಲಿಲ್ಲ.

ಸಹಾಯ ನಿಂತಿತೆಂದು ತಿಳಿದಾಗ ವಿರುಪಣ್ಣ ಸಿಟ್ಟಿಗೇಳಲಿಲ್ಲ, ಖುಷಿಪಟ್ಟ. ರೂಪಾಳಿಗೆ ಹೆದರಿಕೆಯಾದದ್ದೇ ಅದಕ್ಕೆ.

"ಏನ್ ತಪ್ಪ್ ಬರದಾನವಾ ಆಂವ? ನಾಳಿ ಆಗೂದನ್ನ ಇವತ್ತ ಬರದಾನ. ಫೀಸು ನಾ ಕಟ್ತೀನಿ. ನನ್ನ ಸೊಸಿಗೆ ಮಂದಿ ರೊಕ್ಕ ಯಾಕ? ಬರೂ ವೈಶಾಖದಾಗ ನಾಗೇಶನ ಕೂಡ ಅಕ್ಷತಿ ಹಾಕಿಬಿಡೂಣು. ಆಮ್ಯಾಲೂ ಸಾಲಿ ಕಲಿ, ಯಾರ್ ಬ್ಯಾಡಂತಾರ?"

ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು. ಇಷ್ಟು ಒಳ್ಳೆಯವನ ಜೊತೆ ಏನು ಮಾಡುವುದು? ರೂಪಾ ಅವ್ವನಿಗೆ ಫೋನ್ ಮಾಡಿದಳು. "ಅವನ ಮನ್ಯಾಗ ಉಣ್ಣಾಕತ್ತಿ. ಅಣ್ಣನ ಮುಂದ ನಾ ಯಾವ ಬಾಯಿಲೆ ಮಾತಾಡ್ಲಿ?" ಎಂದಳು ರೇಣುಕಮ್ಮ. ನಾಗೇಶನನ್ನು ಕೇಳಿದರೆ, "ನನಗೂ ಮನಸಿಲ್ಲ. ಆದ್ರ ಅಪ್ಪಗ ಹೇಳಾವ್ರು ಯಾರು? ನೀನ ಹೇಳು" ಎಂದು ಮತ್ತೆ ಮೊಬೈಲಿಗೆ ಮುಖ ಕೊಟ್ಟ. ಮಾವನ ದುಡ್ಡು ಮುಟ್ಟಿದ ದಿನ ತನ್ನ ಕಥೆ ಮುಗಿಯಿತು ಎಂದು ರೂಪಾಳಿಗೆ ಸ್ಪಷ್ಟವಾಯಿತು. ಟ್ರಸ್ಟಿನವರಿಗೆ ಫೋನಿನ ಮೇಲೆ ಫೋನು ಮಾಡಿ, ಗೋಗರೆದು, ಇನ್ನೊಮ್ಮೆ ಮನೆ ನೋಡಲು ಒಪ್ಪಿಸಿದಳು.

ಗೌರೀಶ ಬರುವ ಹಿಂದಿನ ಸಂಜೆ ಕರಿಯವ್ವ ರೊಟ್ಟಿ ಬಡಿಯುತ್ತಿದ್ದಳು. ರೂಪಾ ಪಕ್ಕದಲ್ಲಿ ಕೂತು ಅತ್ತುಬಿಟ್ಟಳು.

"ಅತ್ತಿ, ನನಗ ಈ ಮದುವಿ ಬ್ಯಾಡ. ಮಾಸ್ತರಕಿ ಮಾಡ್ಬೇಕು ನಾ."

ಕರಿಯವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಅವಳಿಗೂ ಈ ಹುಡುಗಿಯೇ ಮನೆ ತುಂಬಲಿ ಎಂಬ ಆಸೆಯಿತ್ತು, ಅದನ್ನು ನುಂಗಿಕೊಂಡಳು. "ಅಳಬ್ಯಾಡ. ನಾಳಿ ನಾ ಮಾತಾಡ್ತೀನಿ" ಅಂದಳು.

ಮರುದಿನ ವಿರುಪಣ್ಣನಿಗೆ ರಜೆ. ಪಡಸಾಲೆಯ ಮಂಚದ ಮೇಲೆ ಒರಗಿದ್ದ. ಗೌರೀಶ ಈ ಸಲ ಹುಷಾರಾಗಿ ಕೇಳಿದ: "ಸರಿಯಾಗಿ ಹೇಳಿ ಅಮ್ಮ. ಸೊಸೆ ಅಂದ್ರೆ ನಿಮ್ಮ ಮಗನ ಹೆಂಡ್ತೀನಾ?"

ಕರಿಯವ್ವ ದೇವರ ಜಗಲಿಯ ಮುಂದೆ ಹೋಗಿ ನಿಂತಳು. ಗಂಡನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಅಲ್ರಿ. ಇನ್ನಮ್ಯಾಲ ಸೊಸಿ ಅನ್ನೂ ಮಾತ ಇಲ್ಲ. ಈಕಿ ನನ್ನ ಮಗಳು. ನಾಗೇಶಗ ತಂಗಿ. ದೇವರ ಮುಂದ ನಿಂತು ಹೇಳಾಕತ್ತೀನಿ, ಬರ್ಕೋರಿ."

ವಿರುಪಣ್ಣ ಎದ್ದು ಕೂತ. ಹೊರಗಿನವರ ಮುಂದೆ, ಅದೂ ದೇವರ ಎದುರಿಗೆ, ಮಗಳು ಎಂದು ಕರೆದ ಹುಡುಗಿಯನ್ನು ಆ ಮನೆಯ ಮಗನಿಗೆ ತರುವಂತಿಲ್ಲ. ಮೂವತ್ತು ವರ್ಷ ಗಂಡನಿಗೆ ಎದುರಾಡದ ಹೆಂಗಸು ಒಂದೇ ಮಾತಿನಲ್ಲಿ ಅವನ ವೈಶಾಖವನ್ನು ಅಳಿಸಿಹಾಕಿದ್ದಳು. ಹೆತ್ತವ್ವ ಮಾಡದ ಕೆಲಸವನ್ನು ಈಕೆ ಮಾಡಿದ್ದಳು.

ಗೌರೀಶ ಮಾತ್ರ ಹುಬ್ಬು ಗಂಟಿಕ್ಕಿದ. "ಸಾಕು ಮಗಳಾ? ಹಾಗಾದ್ರೆ ಇವರ ಸಂಬಳಾನೂ ಲೆಕ್ಕಕ್ಕೆ ಬರುತ್ತೆ. ಕಾಯಂ ನೌಕರರ ಮಗಳಿಗೆ ಈ ಸಹಾಯ ಸಿಗಲ್ಲ." ಅವನು ರೂಪಾಳ ಕಡೆ ತಿರುಗಿದ. "ನೀವೇ ಹೇಳಿ. ಇವರ ಮಗಳು ಹೌದೋ ಅಲ್ವೋ? ಮತ್ತೆ ಮತ್ತೆ ಬರೋಕಾಗಲ್ಲ ನನಗೆ."

ಜಗಲಿಯ ಮುಂದೆಯೇ ನಿಂತಿದ್ದ ಕರಿಯವ್ವನಿಗೆ ಸಂಬಳದ ಮಾತು ಅರ್ಥವಾಗಿರಲಿಲ್ಲ. ಹೂಂ ಅನ್ನು ಎಂದು ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದಳು. ಹೂಂ ಅಂದರೆ ಟ್ರಸ್ಟಿನ ಫೀಸಿಲ್ಲ, ಮದುವೆ ಮುರಿದ ಮೇಲೆ ಮಾವನನ್ನು ಕೇಳುವ ಮುಖವೂ ಇಲ್ಲ. ಫೀಸಿಲ್ಲದಿದ್ದರೆ ಕಾಲೇಜಿಲ್ಲ, ತಳಕಲ್ಲಿನ ಕೂಲಿಯೇ ಗತಿ. ಗೌರೀಶ ಕಾಯುತ್ತಿದ್ದ.

"ಅಲ್ರಿ" ಅಂದಳು ರೂಪಾ. "ನಾ ಇವರ ಮಗಳಲ್ಲ."

ಅವನು ಟ್ಯಾಬಿನಲ್ಲಿ ಒತ್ತಿದ. "ಆಯ್ತು, ಮಂಜೂರಾಗುತ್ತೆ. ಓದು ಮುಗಿಯೋವರೆಗೆ ಮದುವೆ ಮಾತ್ರ ಆಗ್ಬೇಡಿ, ನಿಂತುಹೋಗುತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಚಹಾ ಬೇಕೇ ಎಂದು ಯಾರೂ ಕೇಳಲಿಲ್ಲ.

ವಿರುಪಣ್ಣನಿಗೆ ನಗು ತಡೆಯಲಾಗಲಿಲ್ಲ. "ಕೇಳಿದಿಲ್ಲಬೇ? ಮಗಳಲ್ಲಂತ ಆಕಿನ ಹೇಳಿದ್ಲು, ದೇವರ ಮುಂದ. ಇನ್ನೇನ್ ಉಳೀತು? ನಾಗೇಶ, ನಿಮ್ಮತ್ತಿ ರೇಣುಕಾಗ ಫೋನ್ ಹಚ್ಚು. ವೈಶಾಖ ಬ್ಯಾಡ, ಮಾಘದಾಗ ಮುಗಿಸೂಣು."

ನಾಗೇಶ ಫೋನ್ ಹಚ್ಚಿದ.

"ಅತ್ತಿ…" ಎಂದು ರೂಪಾ ಕರಿಯವ್ವನ ಕೈ ಹಿಡಿಯಲು ಹೋದಳು. ಕರಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಕಡೆ ಇದ್ದದ್ದು ಅದೊಂದ ಮಾತವಾ" ಅಂದಳು. "ಕೊಟ್ಟಿದ್ದೆ. ಇನ್ನೊಂದು ಎಲ್ಲಿಂದ ತರ್ಲಿ?"